ಟರ್ಬೋಚಾರ್ಜರೂ ಇಂಧನದ ಮಿತವ್ಯಯವೂ: ಒಂದು ಚಾರಿತ್ರಿಕ ವಿವೇಚನೆ

ಯಂತ್ರಗಳ ಚರಿತ್ರೆಯನ್ನು ಬರೆಯುವವರು ಸಾಮಾನ್ಯವಾಗಿ ಅನುಸರಿಸುವ ಕ್ರಮ ಒಂದುಂಟು. ಯಾವ ಯಂತ್ರವನ್ನು ಯಾರು ಕಂಡುಹಿಡಿದರು, ಅದು ಯಾವ ವರ್ಷದಲ್ಲಿ ಬಳಕೆಗೆ ಬಂದಿತು, ಅದರ ಸಾಮರ್ಥ್ಯ ಕಾಲಕ್ರಮದಲ್ಲಿ ಎಷ್ಟು ಹೆಚ್ಚಿತು ಎಂಬಿವನ್ನು ಒಂದಾದ ಮೇಲೊಂದರಂತೆ ನಿರೂಪಿಸುತ್ತ ಹೋಗುವುದೇ ಆ ಕ್ರಮ. ಇದು ಅವಶ್ಯಕವಾದುದೇ, ಆದರೆ ಇಷ್ಟರಿಂದಲೇ ಚರಿತ್ರೆ ಪೂರ್ಣವಾಗುವುದಿಲ್ಲ. ಒಂದು ಕಾಲದಲ್ಲಿ ದುಂದುಗಾರಿಕೆಯ ಕುರುಹೆನಿಸಿದ ಉಪಕರಣವೇ ಹತ್ತು ಹದಿನೈದು ವರ್ಷಗಳ ತರುವಾಯ ಮಿತವ್ಯಯದ ಸಾಧನವೆನಿಸಿಕೊಂಡ ಉದಾಹರಣೆಗಳುಂಟು. ಅಂಥ ಸಂದರ್ಭಗಳಲ್ಲಿ ಬದಲಾದುದು ಯಂತ್ರವೋ, ಅದನ್ನು ಬಳಸುವವರ ಉದ್ದೇಶವೋ, ಅಥವಾ ಅದನ್ನು ಅಳೆಯುವ ಅಳತೆಗೋಲೋ ಎಂಬ ಪ್ರಶ್ನೆ ಸಹಜವಾಗಿಯೇ ಏಳುತ್ತದೆ.

ವೇಗದ ಕಾರುಗಳಲ್ಲಿ ಬಳಕೆಯಾದ ಟರ್ಬೋಚಾರ್ಜರಿನ ಚರಿತ್ರೆ ಈ ಪ್ರಶ್ನೆಯ ಪರಿಶೀಲನೆಗೆ ಬಹಳ ಅನುಕೂಲವಾಗಿದೆ. ೧೯೭೩ರಲ್ಲಿ ಜರ್ಮನಿಯ ಜನ ಈ ಉಪಕರಣವನ್ನು ಹೊತ್ತ ಕಾರೊಂದನ್ನು ಇಂಧನವನ್ನು ನುಂಗುವ ಅವಿವೇಕವೆಂದು ಹಳಿದರು. ೧೯೮೮ರಲ್ಲಿ ಅದೇ ತತ್ತ್ವದ ಎಂಜಿನು, ಪ್ರತಿಸ್ಪರ್ಧಿಗಳಲ್ಲಿ ಅನೇಕರಿಗೆ ಇಲ್ಲದ ಇಂಧನದ ಕಟ್ಟುಪಾಡನ್ನು ತಾನು ಪಾಲಿಸಿಯೂ ಆ ವರ್ಷದ ಹದಿನಾರು ಪಂದ್ಯಗಳಲ್ಲಿ ಹದಿನೈದನ್ನು ಗೆದ್ದಿತು. ಪ್ರಸ್ತುತ ಲೇಖನದ ಪ್ರತಿಪಾದನೆ ಇಷ್ಟೆ: ಟರ್ಬೋಚಾರ್ಜರು ತಾನಾಗಿ ಇಂಧನವನ್ನು ಉಳಿಸುವುದೂ ಇಲ್ಲ, ಪೋಲುಮಾಡುವುದೂ ಇಲ್ಲ, ಅದು ವ್ಯರ್ಥವಾಗುವ ಶಕ್ತಿಯ ಒಂದು ಭಾಗವನ್ನು ನಮ್ಮ ಕೈಗೆ ಮರಳಿ ಕೊಡುತ್ತದೆ. ಹಾಗೆ ದೊರೆತುದನ್ನು ಉಳಿತಾಯಕ್ಕೆ ಹಚ್ಚಬೇಕೋ ವೇಗಕ್ಕೆ ಹಚ್ಚಬೇಕೋ ಎಂಬುದನ್ನು ನಿರ್ಧರಿಸಿದುದು ಇಂಧನದ ಮೇಲೆ ಬಿದ್ದ ಮಿತಿ ಮತ್ತು ಆ ಮಿತಿಯನ್ನು ಅಳೆದ ರೀತಿ.

೧

ಮೊದಲು ಈ ಉಪಕರಣದ ತತ್ತ್ವವನ್ನು ಸಂಕ್ಷೇಪವಾಗಿ ತಿಳಿಯಬೇಕು. ಪೆಟ್ರೋಲ್ ಎಂಜಿನಿನೊಳಗೆ ಉರಿದ ಇಂಧನದ ಉಷ್ಣಶಕ್ತಿಯಲ್ಲಿ, ಸ್ಥೂಲವಾಗಿ ಹೇಳುವುದಾದರೆ, ಮೂರರಲ್ಲಿ ಒಂದು ಪಾಲು ಮಾತ್ರ ಉಪಯುಕ್ತವಾದ ಕೆಲಸಕ್ಕೆ ಒದಗುತ್ತದೆ. ಸುಮಾರು ಅಷ್ಟೇ ಪಾಲು ಎಂಜಿನನ್ನು ತಂಪಾಗಿಡುವ ನೀರಿನ ಮೂಲಕವೂ ಘರ್ಷಣೆಯ ಮೂಲಕವೂ ನಷ್ಟವಾಗುತ್ತದೆ. ಉಳಿದ ಪಾಲು ಕಾದ ಅನಿಲದೊಡನೆ ಹೊಗೆಕೊಳವೆಯನ್ನು ಹಾಯ್ದು ಬಯಲಿಗೆ ಸೇರುತ್ತದೆ. ಈ ಅನಿಲ ಹೊರಬೀಳುವ ದಾರಿಯಲ್ಲಿ ಒಂದು ಚಿಕ್ಕ ಟರ್ಬೈನನ್ನು ಇರಿಸಿ, ಅದೇ ಅಚ್ಚಿನ ಇನ್ನೊಂದು ತುದಿಗೆ ಗಾಳಿಯನ್ನು ಒತ್ತುವ ಕಂಪ್ರೆಸರನ್ನು ಜೋಡಿಸಿದರೆ, ಬಿಸಿ ಅನಿಲದ ಬಲದಿಂದಲೇ ಸಿಲಿಂಡರುಗಳಿಗೆ ಹೆಚ್ಚು ಗಾಳಿಯನ್ನು ತುಂಬಬಹುದು. ಗಾಳಿ ಹೆಚ್ಚಿದಂತೆ ಹೆಚ್ಚು ಇಂಧನವನ್ನು ಉರಿಸಬಹುದು. ಆದಕಾರಣ ಸಣ್ಣ ಎಂಜಿನು ದೊಡ್ಡ ಎಂಜಿನಿನಷ್ಟು ಶಕ್ತಿಯನ್ನು ಕೊಡುತ್ತದೆ. ಇದೇ ಟರ್ಬೋಚಾರ್ಜರು. ಇದಕ್ಕೆ ಮುಂಚೆ ಬಳಕೆಯಲ್ಲಿದ್ದ ಸೂಪರ್‌ಚಾರ್ಜರು ಗಾಳಿಯನ್ನು ಒತ್ತಲು ಎಂಜಿನಿನ ದಂಡದಿಂದಲೇ ಶಕ್ತಿಯನ್ನು ಪಡೆಯುತ್ತಿದ್ದಿತು. ಟರ್ಬೋಚಾರ್ಜರಾದರೋ ಬಹುಮಟ್ಟಿಗೆ ಬಿಸಾಡಿದುದನ್ನೇ ಆಯ್ದುಕೊಳ್ಳುತ್ತದೆ.

ನಮ್ಮ ಹಳೆಯ ಅಡಿಗೆಮನೆಗಳ ಕೋಡೊಲೆಯನ್ನು ಬಲ್ಲವರಿಗೆ ಈ ತತ್ತ್ವ ಹೊಸದಲ್ಲ. ಮುಖ್ಯ ಒಲೆಯಲ್ಲಿ ಅನ್ನ ಬೇಯುತ್ತಿರುವಾಗ ಅದರಿಂದ ಹಾಯ್ದು ಹೋಗುವ ಉರಿಯ ಮೇಲೆಯೇ ಕೋಡೊಲೆಯಲ್ಲಿ ಸಾರು ಕುದಿಯುತ್ತದೆ. ಆದರೆ ಕೋಡೊಲೆ ಇದ್ದ ಮಾತ್ರಕ್ಕೆ ಮನೆಯ ಸೌದೆಯ ಖರ್ಚು ಕಡಮೆಯಾಯಿತೆಂದು ಹೇಳಲಾಗದು. ಮೊದಲಿನಷ್ಟೇ ಅಡಿಗೆ ಮಾಡಿದರೆ ಸೌದೆ ಉಳಿಯುತ್ತದೆ. ಇನ್ನೊಂದು ಒಲೆ ಇದೆಯಲ್ಲಾ ಎಂದು ಎರಡು ಭಕ್ಷ್ಯಗಳನ್ನು ಹೆಚ್ಚಿಗೆ ಮಾಡಿ, ಅದಕ್ಕಾಗಿ ಉರಿಯನ್ನೂ ಹೆಚ್ಚಿಸಿದರೆ ಉಳಿಯುವುದಿಲ್ಲ. ಟರ್ಬೋಚಾರ್ಜರಿನ ಚರಿತ್ರೆಯ ತಿರುಳೂ ಇದೇ.

ಪೆಟ್ರೋಲ್ ಎಂಜಿನಿಗೆ ಸಂಬಂಧಿಸಿದಂತೆ ಇನ್ನೊಂದು ತೊಡಕುಂಟು. ಒತ್ತಿ ತುಂಬಿದ ಗಾಳಿ ಬಿಸಿಯಾಗುತ್ತದೆ. ಇಂಥ ಗಾಳಿಯೊಡನೆ ಬೆರೆತ ಪೆಟ್ರೋಲು ಸಿಲಿಂಡರಿನಲ್ಲಿ ಮತ್ತೆ ಸಂಪೀಡನಕ್ಕೆ ಒಳಗಾದಾಗ, ಕ್ರಮವಾಗಿ ಉರಿಯದೆ ಒಮ್ಮೆಗೇ ಸಿಡಿಯುವ ಸಂಭವವಿದೆ. ಮೆಕ್ಯಾನಿಕ್ಕರು ನಾಕಿಂಗ್ ಎನ್ನುವ ಈ ಬಡಿತ ಪಿಸ್ಟನ್ನುಗಳನ್ನು ಹಾಳುಮಾಡುತ್ತದೆ. ಇದನ್ನು ತಪ್ಪಿಸಲು ಮೊದಲಿನ ಎಂಜಿನಿಯರುಗಳು ಎರಡು ಉಪಾಯಗಳನ್ನು ಹೂಡಿದರು: ಎಂಜಿನಿನ ಸಂಪೀಡನ ಅನುಪಾತವನ್ನು ತಗ್ಗಿಸುವುದು ಒಂದು, ಉರಿಯಲು ಬೇಕಾದುದಕ್ಕಿಂತ ಹೆಚ್ಚು ಪೆಟ್ರೋಲನ್ನು ಸುರಿದು ಅದರ ಆವಿಯಿಂದ ತಂಪು ಮಾಡುವುದು ಇನ್ನೊಂದು. ಸಂಪೀಡನ ತಗ್ಗಿದರೆ ದಕ್ಷತೆ ತಗ್ಗುತ್ತದೆ ಎಂಬುದು ಉಷ್ಣಶಾಸ್ತ್ರದ ಪ್ರಾಥಮಿಕ ನಿಯಮ. ಹೆಚ್ಚಿಗೆ ಸುರಿದ ಪೆಟ್ರೋಲಂತೂ ನೇರವಾದ ನಷ್ಟ. ಹೀಗೆ ಹೊಗೆಯಿಂದ ಗಳಿಸಿದುದನ್ನು ಸಿಲಿಂಡರಿನಲ್ಲಿ ಕಳೆದುಕೊಂಡಂತಾಗುತ್ತಿದ್ದಿತು. ಮುಂದಿನ ಚರಿತ್ರೆಯನ್ನು ಅರಿಯಲು ಈ ಅಂಶವನ್ನು ವಾಚಕರು ನೆನಪಿನಲ್ಲಿಡಬೇಕು.

೨

ಈ ಉಪಕರಣದ ಜನನ ಕಾರುಗಳಿಗಾಗಿ ಆದುದಲ್ಲ. ಸ್ವಿಟ್ಸರ್ಲೆಂಡಿನ ವಿಂಟರ್‌ಥುರಿನಲ್ಲಿ ಹುಟ್ಟಿದ ಆಲ್ಫ್ರೆಡ್ ಬ್ಯೂಖಿ ಎಂಬ ಎಂಜಿನಿಯರು ೧೯೦೫ರಲ್ಲಿ ಇದರ ಮೂಲಕಲ್ಪನೆಗೆ ಪೇಟೆಂಟನ್ನು ಪಡೆದನು. ಹೊಗೆಯೊಡನೆ ಹೊರಟುಹೋಗುವ ಶಕ್ತಿಯನ್ನು ಮರಳಿ ದುಡಿಸಿಕೊಳ್ಳುವುದೇ ಆತನ ಉದ್ದೇಶವಾಗಿದ್ದಿತು. ಕಲ್ಪನೆ ಫಲಿಸಲು ಇಪ್ಪತ್ತು ವರ್ಷಗಳು ಹಿಡಿದವು. ೧೯೨೫ರ ಸುಮಾರಿಗೆ ಆತನ ವಿಧಾನದಿಂದ ಡೀಸೆಲ್ ಎಂಜಿನಿನ ಶಕ್ತಿ ಶೇಕಡಾ ೪೦ರಷ್ಟು ಹೆಚ್ಚಿತು. ಅನಂತರ 'ಪ್ರಾಯ್ಸನ್' ಮತ್ತು 'ಹಾನ್ಸೆಸ್ಟಾಟ್ ಡಾನ್ಸಿಗ್' ಎಂಬ ಎರಡು ಜರ್ಮನ್ ಹಡಗುಗಳ ಎಂಜಿನುಗಳು ಈ ವಿಧಾನದಿಂದ ೧,೭೫೦ಕ್ಕೆ ಬದಲಾಗಿ ೨,೫೦೦ ಅಶ್ವಶಕ್ತಿಯನ್ನು ಕೊಟ್ಟವು. ಡೀಸೆಲ್ ಎಂಜಿನಿನಲ್ಲಿ ಗಾಳಿಯನ್ನು ಮಾತ್ರ ಸಂಪೀಡಿಸಿ ಕೊನೆಯಲ್ಲಿ ಇಂಧನವನ್ನು ಚಿಮ್ಮಿಸುವುದರಿಂದ ಮೇಲೆ ಹೇಳಿದ ಬಡಿತದ ಭಯ ಅಲ್ಲಿಲ್ಲ. ಆದಕಾರಣ ಹಡಗುಗಳಲ್ಲಿಯೂ ಮುಂದೆ ಲಾರಿಗಳಲ್ಲಿಯೂ ಟರ್ಬೋಚಾರ್ಜರು ಮೊದಲಿನಿಂದಲೇ ಮಿತವ್ಯಯದ ಮಿತ್ರನಾಗಿ ನೆಲೆಸಿತು. ಸರಕನ್ನು ಸಾಗಿಸುವವನು ಪ್ರತಿಯೊಂದು ಟನ್ನಿನ ಇಂಧನಕ್ಕೂ ಲೆಕ್ಕವನ್ನಿಡುತ್ತಾನೆಂಬುದನ್ನೂ ಇಲ್ಲಿ ಮರೆಯಬಾರದು.

ಇನ್ನೊಂದು ಕವಲು ವಿಮಾನಗಳದು. ಎತ್ತರಕ್ಕೆ ಏರಿದಂತೆ ಗಾಳಿ ತೆಳುವಾಗಿ ಎಂಜಿನಿನ ಶಕ್ತಿ ಕುಗ್ಗುತ್ತದೆ. ಮೊದಲನೆಯ ಮಹಾಯುದ್ಧದ ಕಾಲದಲ್ಲಿ ಫ್ರಾನ್ಸಿನ ಆಗಸ್ಟ್ ರಾತೋ ಈ ಕೊರತೆಯನ್ನು ನೀಗಲು ಟರ್ಬೋಚಾರ್ಜರನ್ನು ಪ್ರಯೋಗಿಸಿದನು. ಅಮೆರಿಕದ ಜನರಲ್ ಎಲೆಕ್ಟ್ರಿಕ್ ಸಂಸ್ಥೆಯ ಸ್ಯಾನ್‌ಫರ್ಡ್ ಮಾಸ್ ೧೯೧೮ರಲ್ಲಿ ಕೊಲರಾಡೊ ಪ್ರಾಂತದ ಪೈಕ್ಸ್ ಪೀಕ್ ಶಿಖರದ ಮೇಲೆ, ಸುಮಾರು ೧೪,೦೦೦ ಅಡಿಗಳ ಎತ್ತರದಲ್ಲಿ, ಲಿಬರ್ಟಿ ಎಂಜಿನೊಂದನ್ನು ಪರೀಕ್ಷಿಸಿದನು. ಸಮುದ್ರಮಟ್ಟದಲ್ಲಿ ೩೫೦ ಅಶ್ವಶಕ್ತಿಯನ್ನು ಕೊಡುತ್ತಿದ್ದ ಆ ಎಂಜಿನು ಶಿಖರದಲ್ಲಿ ೨೩೦ಕ್ಕೆ ಇಳಿದಿದ್ದಿತು. ಟರ್ಬೋಚಾರ್ಜರನ್ನು ಜೋಡಿಸಿದ ಮೇಲೆ ೩೫೬ಕ್ಕೆ ಏರಿತು. ಎರಡನೆಯ ಮಹಾಯುದ್ಧದಲ್ಲಿ ಅಮೆರಿಕದ ಬಿ-೧೭ ಬಾಂಬರು, ಪಿ-೪೭ ಯುದ್ಧವಿಮಾನ ಮೊದಲಾದವು ಇದೇ ಸಾಧನದಿಂದ ಎತ್ತರದಲ್ಲಿ ಹಾರಿದವು. ಇಲ್ಲಿ ಉದ್ದೇಶ ಉಳಿತಾಯವಲ್ಲ, ಬಲ. ಹೀಗೆ ಕಾರುಗಳನ್ನು ಪ್ರವೇಶಿಸುವುದಕ್ಕೆ ಮುಂಚೆಯೇ ಟರ್ಬೋಚಾರ್ಜರಿಗೆ ಎರಡು ವಂಶಪರಂಪರೆಗಳಿದ್ದವು: ಲೆಕ್ಕವಿಡುವ ಹಡಗಿನ ಪರಂಪರೆ ಒಂದು, ಲೆಕ್ಕವಿಡದ ಯುದ್ಧದ ಪರಂಪರೆ ಇನ್ನೊಂದು.

೩

ವೇಗದ ಕಾರುಗಳು ಮೊದಲು ಅನುಸರಿಸಿದುದು ಎರಡನೆಯ ಪರಂಪರೆಯನ್ನೇ. ೧೯೬೨ರಲ್ಲಿ ಅಮೆರಿಕದ ಜನರಲ್ ಮೋಟರ್ಸ್ ಸಂಸ್ಥೆ ಎರಡು ಟರ್ಬೋ ಕಾರುಗಳನ್ನು ಮಾರುಕಟ್ಟೆಗೆ ತಂದಿತು: ಓಲ್ಡ್ಸ್‌ಮೊಬೀಲ್ ಜೆಟ್‌ಫೈರ್ ಮತ್ತು ಷೆವ್ರೊಲೆ ಕಾರ್ವೇರ್ ಮಾನ್ಜಾ ಸ್ಪೈಡರ್. ಜೆಟ್‌ಫೈರಿನ ೨೧೫ ಘನ ಅಂಗುಲದ ಎಂಜಿನಿನಿಂದ ೨೧೫ ಅಶ್ವಶಕ್ತಿ ಬರುತ್ತಿದ್ದಿತು. ಅದರ ವಿನ್ಯಾಸಕರು ಸಂಪೀಡನವನ್ನು ತಗ್ಗಿಸಲು ಒಪ್ಪದೆ, ಬಡಿತವನ್ನು ತಡೆಯಲು ನೀರು ಮತ್ತು ಮೆಥನಾಲು ಬೆರೆತ ದ್ರವವೊಂದನ್ನು ಎಂಜಿನಿಗೆ ಸಿಂಪಡಿಸುವ ಏರ್ಪಾಟನ್ನು ಮಾಡಿದ್ದರು. ದ್ರವ ಮುಗಿದಾಗ ತುಂಬಿಸಬೇಕಾದ ಹೊಣೆ ಕಾರಿನ ಒಡೆಯನದು. ಅನೇಕರು ಅದನ್ನು ಅಲಕ್ಷಿಸಿದರು. ಎರಡು ವರ್ಷಗಳಲ್ಲಿ ಹತ್ತು ಸಾವಿರಕ್ಕೂ ಕಡಮೆ ಕಾರುಗಳು ಮಾರಾಟವಾಗಿ, ಮಾದರಿ ನಿಂತುಹೋಯಿತು. ಕೆಲವು ಕಾರುಗಳಿಂದ ಟರ್ಬೋಚಾರ್ಜರನ್ನೇ ಕಿತ್ತು ಸಾಮಾನ್ಯ ಕಾರ್ಬ್ಯುರೇಟರನ್ನು ಹಾಕಿಕೊಟ್ಟುದೂ ಉಂಟು. ಪೆಟ್ರೋಲು ಅಗ್ಗವಾಗಿದ್ದ ಆ ದಿನಗಳಲ್ಲಿ, ಶಕ್ತಿ ಬೇಕಾದವನು ದೊಡ್ಡ ಎಂಜಿನನ್ನೇ ಕೊಳ್ಳುವುದು ಸುಲಭವಾಗಿದ್ದಿತು.

ಯೂರೋಪಿನಲ್ಲಿ ಜರ್ಮನಿಯ ಬಿ.ಎಂ.ಡಬ್ಲ್ಯು. ಸಂಸ್ಥೆ ೧೯೭೩ರ ಸೆಪ್ಟೆಂಬರಿನಲ್ಲಿ ಫ್ರಾಂಕ್‌ಫರ್ಟಿನ ಪ್ರದರ್ಶನದಲ್ಲಿ '೨೦೦೨ ಟರ್ಬೋ' ಎಂಬ ಕಾರನ್ನು ಮುಂದಿಟ್ಟಿತು. ಎರಡು ಲೀಟರಿನ ಎಂಜಿನು, ೧೭೦ ಅಶ್ವಶಕ್ತಿ. ಅದೇ ವರ್ಗದ ಟರ್ಬೋ ಇಲ್ಲದ ಮಾದರಿಯ ಶಕ್ತಿ ೧೩೦. ಆದರೆ ಸಂಪೀಡನ ಅನುಪಾತವನ್ನು ೯.೫ರಿಂದ ೬.೯ಕ್ಕೆ ಇಳಿಸಿ ಈ ಹೆಚ್ಚಳವನ್ನು ಪಡೆಯಲಾಗಿದ್ದಿತು. ಎಂದರೆ, ಟರ್ಬೋ ತನ್ನ ಪೂರ್ಣ ಬಲದಿಂದ ಒತ್ತದ ಸಾಧಾರಣ ಸಂಚಾರದಲ್ಲಿ ಕಾರು ತಗ್ಗಿದ ದಕ್ಷತೆಯ ದಂಡವನ್ನು ತೆರುತ್ತಲೇ ಇರಬೇಕಾಗಿದ್ದಿತು. ಮುಂದಿನ ಕಾರಿನ ಚಾಲಕನಿಗೆ ಕನ್ನಡಿಯಲ್ಲಿ ನೇರವಾಗಿ ಓದಿಸಿ ದಾರಿ ಬಿಡಿಸುವಂತೆ, ಕಾರಿನ ಹೆಸರನ್ನು ಮುಂಭಾಗದಲ್ಲಿ ತಿರುಗುಮುರುಗಾಗಿ ಬರೆದಿದ್ದರು. ಪ್ರದರ್ಶನ ಮುಗಿದ ಮರುತಿಂಗಳೇ ಪಶ್ಚಿಮ ಏಷ್ಯದ ಯುದ್ಧವೂ ಅದರ ಬೆನ್ನಿಗೆ ತೈಲದ ಬಿಕ್ಕಟ್ಟೂ ಬಂದವು. ನವೆಂಬರಿನ ಕೊನೆಯಿಂದ ನಾಲ್ಕು ಭಾನುವಾರಗಳು ಪಶ್ಚಿಮ ಜರ್ಮನಿಯ ರಸ್ತೆಗಳಲ್ಲಿ ಖಾಸಗಿ ಕಾರುಗಳ ಸಂಚಾರವನ್ನೇ ನಿಷೇಧಿಸಲಾಯಿತು. ಇಂಥ ಹೊತ್ತಿನಲ್ಲಿ ಆ ಬರಹ ಜನರಿಗೆ ಔದ್ಧತ್ಯವಾಗಿ ಕಂಡುದರಲ್ಲಿ ಆಶ್ಚರ್ಯವಿಲ್ಲ. ೧,೬೭೨ ಕಾರುಗಳು ತಯಾರಾಗುವಷ್ಟರಲ್ಲಿ ಉತ್ಪಾದನೆ ನಿಂತಿತು.

ಅದೇ ಕಾಲದ ಇನ್ನೊಂದು ಘಟನೆ ಇದಕ್ಕಿಂತಲೂ ಬೋಧಪ್ರದವಾದುದು. ಕೆನಡ ಮತ್ತು ಅಮೆರಿಕಗಳಲ್ಲಿ ನಡೆಯುತ್ತಿದ್ದ ಕ್ಯಾನ್-ಆಮ್ ಪಂದ್ಯಗಳಲ್ಲಿ ಎಂಜಿನಿನ ಗಾತ್ರಕ್ಕಾಗಲಿ ಇಂಧನಕ್ಕಾಗಲಿ ಕಟ್ಟುಪಾಡಿರಲಿಲ್ಲ. ೧೯೭೩ರಲ್ಲಿ ಮಾರ್ಕ್ ಡಾನಹ್ಯೂ ಚಾಲನೆಮಾಡಿದ ಪೋರ್ಷೆ ೯೧೭/೩೦ ಕಾರು ಆ ಪಂದ್ಯಮಾಲೆಯನ್ನು ನಿರಾಯಾಸವಾಗಿ ಗೆದ್ದಿತು. ಹನ್ನೆರಡು ಸಿಲಿಂಡರುಗಳ, ೫.೪ ಲೀಟರಿನ ಆ ಎಂಜಿನಿಗೆ ಎರಡು ಟರ್ಬೋಚಾರ್ಜರುಗಳಿದ್ದವು. ಅದರ ಶಕ್ತಿ ಸುಮಾರು ೧,೧೦೦ ಅಶ್ವಶಕ್ತಿ. ಮರುವರ್ಷ ವ್ಯವಸ್ಥಾಪಕರು ಹೊಸ ನಿಯಮವನ್ನು ತಂದರು: ಒಂದು ಅಮೆರಿಕನ್ ಗ್ಯಾಲನ್ ಇಂಧನಕ್ಕೆ ಕನಿಷ್ಠ ಮೂರು ಮೈಲಿ ಓಡಬೇಕು. ಇದು ಲೀಟರಿಗೆ ಸುಮಾರು ೧.೩ ಕಿಲೋಮೀಟರು. ಇಷ್ಟು ಉದಾರವಾದ ಮಿತಿಯೇ ಪೋರ್ಷೆಯನ್ನು ಕಣದಿಂದ ಹೊರಗಟ್ಟಲು ಸಾಕಾಯಿತು. ಆ ವರ್ಷವೇ ಪಂದ್ಯಮಾಲೆಯೂ ಕೊನೆಗೊಂಡಿತು. ಮಿತಿಯನ್ನು ವಿಧಿಸಿದ ಮಾತ್ರಕ್ಕೆ ಸುಧಾರಣೆ ತಾನಾಗಿ ಉಂಟಾಗುವುದಿಲ್ಲವೆಂಬುದಕ್ಕೆ ಇದು ನಿದರ್ಶನ. ಮಿತಿಯನ್ನು ಪಾಲಿಸಲು ಬೇಕಾದ ಉಪಕರಣಗಳೂ ಕೈಗೆಟುಕುವಂತಿರಬೇಕು. ೧೯೭೪ರಲ್ಲಿ ಅವು ಇನ್ನೂ ಸಿದ್ಧವಾಗಿರಲಿಲ್ಲ.

೪

೧೯೮೦ರ ದಶಕದಲ್ಲಿ ಅವು ಸಿದ್ಧವಾದವು. ಕ್ಷಣಕ್ಷಣಕ್ಕೂ ಇಂಧನವನ್ನೂ ಕಿಡಿಯ ಕಾಲವನ್ನೂ ಲೆಕ್ಕಹಾಕಿ ನಿಯಂತ್ರಿಸುವ ಎಲೆಕ್ಟ್ರಾನಿಕ್ ವ್ಯವಸ್ಥೆಗಳು, ಅವುಗಳಲ್ಲಿ ಮುಖ್ಯವಾಗಿ ಬಾಷ್ ಸಂಸ್ಥೆಯ ಮೋಟ್ರಾನಿಕ್, ಆಗ ಬಳಕೆಗೆ ಬಂದಿದ್ದವು. ಇದೇ ಸಮಯದಲ್ಲಿ ಪಂದ್ಯಗಳ ನಿಯಾಮಕರು ಇಂಧನದ ಮಿತಿಯನ್ನು ಮತ್ತೆ ತಂದರು.

ದೀರ್ಘ ಪಂದ್ಯಗಳಿಗೆಂದು ೧೯೮೨ರಲ್ಲಿ ಏರ್ಪಟ್ಟ 'ಗ್ರೂಪ್ ಸಿ' ವರ್ಗದಲ್ಲಿ ೧,೦೦೦ ಕಿಲೋಮೀಟರುಗಳಿಗೆ ೬೦೦ ಲೀಟರ್ ಇಂಧನವೆಂದು ನಿಗದಿಯಾಯಿತು. ಎಂಜಿನಿನ ಗಾತ್ರ ಎಷ್ಟಾದರೂ ಇರಬಹುದು, ಟರ್ಬೋ ಇರಬಹುದು, ಇಲ್ಲದಿರಬಹುದು. ಇಂಧನ ಮಾತ್ರ ಇಷ್ಟೇ. ಎಂಜಿನಿನ ಗಾತ್ರವನ್ನು ಅಳೆಯುವ ಹಳೆಯ ಪದ್ಧತಿಯನ್ನು ಬಿಟ್ಟು ಇಂಧನವನ್ನೇ ಅಳೆಯುವ ಈ ಕ್ರಮ ಚರಿತ್ರೆಯ ದೃಷ್ಟಿಯಿಂದ ಗಣನೀಯವಾದುದು. ಆ ವರ್ಷ ಫ್ರಾನ್ಸಿನ ಲೆ ಮಾನ್ಸಿನಲ್ಲಿ ನಡೆದ ಇಪ್ಪತ್ತನಾಲ್ಕು ಗಂಟೆಗಳ ಪಂದ್ಯದಲ್ಲಿ ಮೊದಲ ಮೂರು ಸ್ಥಾನಗಳನ್ನೂ ಪೋರ್ಷೆ ೯೫೬ ಪಡೆಯಿತು. ಅದರ ಎಂಜಿನು ೨.೬೫ ಲೀಟರಿನ ಟರ್ಬೋ ಎಂಜಿನು. ಕ್ಯಾನ್-ಆಮಿನಲ್ಲಿ ಮಿತಿಗೆ ಅಂಜಿದ ಸಂಸ್ಥೆಯೇ ಎಂಟು ವರ್ಷಗಳ ತರುವಾಯ ಮಿತಿಯೊಳಗಿನ ಪಂದ್ಯದಲ್ಲಿ ಅಗ್ರಗಣ್ಯವಾಯಿತು. ೧೯೮೫ರಲ್ಲಿ ಇಂಧನದ ಪ್ರಮಾಣವನ್ನು ಶೇಕಡಾ ೧೫ರಷ್ಟು ಕಡಮೆಮಾಡಿದರು. ವೇಗವೂ ತಗ್ಗಬೇಕೆಂದು ಯಾರಾದರೂ ಊಹಿಸಬಹುದು. ಆದರೆ ೧೯೮೨ರಲ್ಲಿ ಗೆದ್ದ ಕಾರು ಸುಮಾರು ೪,೯೦೦ ಕಿಲೋಮೀಟರು ಓಡಿದ್ದರೆ, ೧೯೮೫ರಲ್ಲಿ ಗೆದ್ದ ಅದೇ ಜಾತಿಯ ಕಾರು ಸುಮಾರು ೫,೦೮೮ ಕಿಲೋಮೀಟರು ಓಡಿತು. ಇಂಧನ ಕಡಮೆ, ದೂರ ಹೆಚ್ಚು.

ಫಾರ್ಮುಲಾ ಒನ್ ಪಂದ್ಯಗಳಲ್ಲಿ ಟರ್ಬೋಚಾರ್ಜರನ್ನು ಮೊದಲು ತಂದುದು ಫ್ರಾನ್ಸಿನ ರೆನೋ. ಮೂರು ಲೀಟರಿನ ಸಾಮಾನ್ಯ ಎಂಜಿನು ಅಥವಾ ಒಂದೂವರೆ ಲೀಟರಿನ ಒತ್ತುಗಾಳಿಯ ಎಂಜಿನು ಎಂಬ ನಿಯಮ ೧೯೬೬ರಿಂದಲೇ ಇದ್ದಿತಾದರೂ, ಎರಡನೆಯ ದಾರಿಯನ್ನು ಯಾರೂ ಹಿಡಿದಿರಲಿಲ್ಲ. ೧೯೭೭ರ ಜುಲೈಯಲ್ಲಿ ಇಂಗ್ಲೆಂಡಿನ ಸಿಲ್ವರ್‌ಸ್ಟೋನಿನಲ್ಲಿ ಕಣಕ್ಕಿಳಿದ ರೆನೋ ಕಾರು ಪದೇಪದೇ ಹೊಗೆ ಕಾರಿ ನಿಲ್ಲುತ್ತಿದ್ದುದರಿಂದ 'ಹಳದಿ ಟೀಪಾತ್ರೆ' ಎಂಬ ಅಡ್ಡಹೆಸರನ್ನು ಪಡೆಯಿತು. ೧೯೭೯ರಲ್ಲಿ ಡಿಜಾನಿನಲ್ಲಿ ಅದು ಗೆದ್ದಾಗ ಪರಿಹಾಸ ನಿಂತಿತು. ೧೯೮೩ರಲ್ಲಿ ಬ್ರಬಾಮ್ ಸಂಸ್ಥೆಯ ಬಿ.ಎಂ.ಡಬ್ಲ್ಯು. ಟರ್ಬೋ ಕಾರಿನಲ್ಲಿ ನೆಲ್ಸನ್ ಪಿಕೆ ವಿಶ್ವವಿಜೇತನಾದನು. ಆ ತನಕ ಶಕ್ತಿಯೇ ಪ್ರಧಾನ, ಇಂಧನ ಗೌಣ.

೧೯೮೪ರಲ್ಲಿ ಪಂದ್ಯದ ನಡುವೆ ಇಂಧನ ತುಂಬಿಸುವುದನ್ನು ನಿಷೇಧಿಸಿ, ಇಡೀ ಪಂದ್ಯಕ್ಕೆ ೨೨೦ ಲೀಟರಿನ ಮಿತಿಯನ್ನು ಹಾಕಲಾಯಿತು. ಪಂದ್ಯದ ದೂರ ಸುಮಾರು ೩೦೦ ಕಿಲೋಮೀಟರು. ಎಂದರೆ ಲೀಟರಿಗೆ ೧.೩೬ ಕಿಲೋಮೀಟರು, ಹೆಚ್ಚುಕಡಮೆ ಕ್ಯಾನ್-ಆಮಿನ ಹಳೆಯ ಮಿತಿಯೇ. ಈ ಸಲ ಕಣವನ್ನು ಬಿಟ್ಟುಹೋದವರಿಲ್ಲ. ಪೋರ್ಷೆಯ ಹಾನ್ಸ್ ಮೆಟ್ಸ್ಗರ್ ಮೆಕ್‌ಲಾರೆನ್ ತಂಡಕ್ಕಾಗಿ ರೂಪಿಸಿದ ಎಂಜಿನು ಬಾಷ್ ಸಂಸ್ಥೆಯ ಎಲೆಕ್ಟ್ರಾನಿಕ್ ನಿಯಂತ್ರಣದ ನೆರವಿನಿಂದ ಆ ವರ್ಷದ ಹದಿನಾರು ಪಂದ್ಯಗಳಲ್ಲಿ ಹನ್ನೆರಡನ್ನು ಗೆದ್ದುಕೊಟ್ಟಿತು. ೧೯೮೬ರಲ್ಲಿ ಮಿತಿ ೧೯೫ ಲೀಟರಿಗೂ ೧೯೮೮ರಲ್ಲಿ ೧೫೦ ಲೀಟರಿಗೂ ಇಳಿಯಿತು. ಈ ನಡುವಣ ಪಂದ್ಯಗಳ ಸ್ವರೂಪವೇ ಬೇರೆ. ೧೯೮೫ರಲ್ಲಿ ಇಟಲಿಯ ಇಮೋಲದಲ್ಲಿ ಮುಂದಿದ್ದ ಆಯರ್ಟನ್ ಸೆನ್ನಾನ ಕಾರಿನಲ್ಲಿ ಇಂಧನ ಮುಗಿಯಿತು. ಆತನ ತರುವಾಯ ಮುಂದೆ ಬಂದ ಸ್ಟೆಫಾನ್ ಯೋಹಾನ್ಸನ್ನನ ಕಾರಿನಲ್ಲಿಯೂ ಮುಗಿಯಿತು. ೧೯೮೬ರಲ್ಲಿ ಜರ್ಮನಿಯ ಹಾಕೆನ್‌ಹೈಮಿನಲ್ಲಿ ಅಲೆನ್ ಪ್ರಾಸ್ಟ್ ಗುರಿಯ ಸಮೀಪದಲ್ಲಿ ನಿಂತುಹೋದ ತನ್ನ ಕಾರನ್ನು ಇಳಿದು ತಳ್ಳಿದನು. ಪ್ರೇಕ್ಷಕರಲ್ಲಿ ಅನೇಕರು ಇದನ್ನು ಪಂದ್ಯಕ್ಕೆ ಒಪ್ಪದ ಜಿಪುಣತನವೆಂದು ಬೇಸರಪಟ್ಟರು. ಆದರೆ ಎಂಜಿನಿಯರನ ದೃಷ್ಟಿಯಿಂದ ಪೆಟ್ರೋಲಿನ ಒಂದೊಂದು ಲೋಟಕ್ಕೂ ಬೆಲೆ ಬಂದ ಕಾಲ ಅದು.

ಈ ಪ್ರಯತ್ನದ ಶಿಖರ ೧೯೮೮ರ ಹೊಂಡಾ ಎಂಜಿನು. ಆ ವರ್ಷ ಟರ್ಬೋ ಎಂಜಿನುಗಳಿಗೆ ಎರಡು ಕಟ್ಟುಗಳಿದ್ದವು: ಗಾಳಿಯ ಒತ್ತಡ ೨.೫ ಬಾರ್ ಮೀರಕೂಡದು, ಇಂಧನ ೧೫೦ ಲೀಟರನ್ನು ಮೀರಕೂಡದು. ಟರ್ಬೋ ಇಲ್ಲದ ಮೂರೂವರೆ ಲೀಟರಿನ ಎಂಜಿನುಗಳಿಗೆ ಇಂಧನದ ಈ ಮಿತಿ ಇರಲಿಲ್ಲ. ಟರ್ಬೋಗಳನ್ನು ಮೆಲ್ಲನೆ ಕಣದಿಂದ ಹೊರಡಿಸುವುದೇ ನಿಯಾಮಕರ ಉದ್ದೇಶವಾಗಿದ್ದಿತು. ಆದರೂ ಹೊಂಡಾ ಎಂಜಿನಿನ ಮೆಕ್‌ಲಾರೆನ್ ಕಾರುಗಳಲ್ಲಿ ಸೆನ್ನಾ ಎಂಟು ಪಂದ್ಯಗಳನ್ನೂ ಪ್ರಾಸ್ಟ್ ಏಳನ್ನೂ ಗೆದ್ದರು. ಮೋನ್ಜಾದ ಪಂದ್ಯವೊಂದು ಮಾತ್ರ ಫೆರಾರಿಗೆ ಹೋಯಿತು. ಹೊಂಡಾದ ಎಂಜಿನಿಯರುಗಳು ಮರುವರ್ಷ ಪ್ರಕಟಿಸಿದ ಪ್ರಬಂಧದ ಪ್ರಕಾರ ಆ ಎಂಜಿನಿನ ಗರಿಷ್ಠ ಶಕ್ತಿ ೫೦೪ ಕಿಲೋವಾಟ್. ಒಂದು ಕಿಲೋವಾಟ್-ಗಂಟೆಗೆ ತಗಲುವ ಕನಿಷ್ಠ ಇಂಧನ ೨೭೨ ಗ್ರಾಂ. ಬಳಸಿದ ಇಂಧನದ ಉಷ್ಣಮೌಲ್ಯದಿಂದ ಲೆಕ್ಕಹಾಕಿದರೆ ದಕ್ಷತೆ ಶೇಕಡಾ ೩೨ರಷ್ಟಾಗುತ್ತದೆ. ನಿಮಿಷಕ್ಕೆ ೧೨,೦೦೦ಕ್ಕೂ ಹೆಚ್ಚು ಸುತ್ತು ತಿರುಗುವ ಪಂದ್ಯದ ಎಂಜಿನಿಗೆ ಇದು ಸಾಮಾನ್ಯವಲ್ಲ. ಲೀಟರಿಗೆ ೧.೩೬ ಕಿಲೋಮೀಟರು ಎಂದು ಆರಂಭವಾದ ಲೆಕ್ಕ ನಾಲ್ಕೇ ವರ್ಷಗಳಲ್ಲಿ ಎರಡು ಕಿಲೋಮೀಟರಿಗೆ ಬಂದಿದ್ದಿತು.

ಇಷ್ಟಾದರೂ ಒಂದು ಎಚ್ಚರಿಕೆ ಅಗತ್ಯ. ಈ ಗಳಿಕೆಯೆಲ್ಲವೂ ದಕ್ಷತೆಯ ಗಳಿಕೆಯಲ್ಲ. ಮಿತಿಯನ್ನು ಲೀಟರಿನಲ್ಲಿ ಅಳೆದುದರಿಂದ, ಒಂದು ಲೀಟರಿನಲ್ಲಿಯೇ ಹೆಚ್ಚು ಶಕ್ತಿಯನ್ನು ತುಂಬುವ ಯುಕ್ತಿಗಳು ಹುಟ್ಟಿದವು. ೧೯೮೪ರಲ್ಲಿ ಕೆಲವು ತಂಡದವರು ಇಂಧನವನ್ನು ಹಿಮದಂತೆ ತಣ್ಣಗೆ ಮಾಡಿ, ಅದು ಕುಗ್ಗಿದಾಗ ಟ್ಯಾಂಕಿಗೆ ತುಂಬಿದರು. ಹೊಂಡಾದವರು ಬಳಸಿದ ಇಂಧನದಲ್ಲಿ ೮೪ ಪಾಲು ಟಾಲ್ಯೀನ್ ಇದ್ದಿತು. ಅದು ಬಡಿತವನ್ನು ತಡೆಯುವುದಲ್ಲದೆ ಸಾಮಾನ್ಯ ಪೆಟ್ರೋಲಿಗಿಂತ ಭಾರವಾದುದು. ಆದಕಾರಣ ಲೀಟರೊಂದಕ್ಕೆ ಹೆಚ್ಚು ಉಷ್ಣವನ್ನು ಕೊಡುತ್ತದೆ. ಸುಲಭವಾಗಿ ಆವಿಯಾಗದ ಆ ದ್ರವವನ್ನು ಮೊದಲೇ ಬಿಸಿಮಾಡಿ ಎಂಜಿನಿಗೆ ಕಳುಹಿಸುತ್ತಿದ್ದರು. ಇದರಲ್ಲಿ ನಿಯಮದ ಉಲ್ಲಂಘನೆ ಏನೂ ಇಲ್ಲ. ಅಳತೆಗೋಲು ಹೇಗಿದೆಯೋ ಜಾಣತನ ಆ ಕಡೆಗೆ ಬಾಗುತ್ತದೆ ಎಂಬುದಷ್ಟೇ ಇಲ್ಲಿ ಗ್ರಹಿಸಬೇಕಾದ ಅಂಶ.

೧೯೮೯ರಿಂದ ಟರ್ಬೋಚಾರ್ಜರನ್ನು ಫಾರ್ಮುಲಾ ಒನ್ನಿನಲ್ಲಿ ನಿಷೇಧಿಸಲಾಯಿತು. ಅದು ೨೦೧೪ರಲ್ಲಿ ಮರಳಿ ಬಂದಾಗ ನಿಯಾಮಕರು ಹಳೆಯ ಪಾಠವನ್ನು ಕಲಿತಿದ್ದರು. ಇಂಧನವನ್ನು ಲೀಟರಿನ ಬದಲು ಕಿಲೋಗ್ರಾಮಿನಲ್ಲಿ ಅಳೆದು, ಇಡೀ ಪಂದ್ಯಕ್ಕೆ ೧೦೦ ಕಿಲೋಗ್ರಾಂ ಎಂದೂ, ಯಾವ ಕ್ಷಣದಲ್ಲಿಯೂ ಗಂಟೆಗೆ ೧೦೦ ಕಿಲೋಗ್ರಾಮಿನ ಹರಿವನ್ನು ಮೀರಬಾರದೆಂದೂ ವಿಧಿಸಿದರು. ಇದರ ಪರಿಣಾಮ ಗಹನವಾದುದು. ಗಂಟೆಗೆ ೧೦೦ ಕಿಲೋಗ್ರಾಂ ಇಂಧನವೆಂದರೆ ಸುಮಾರು ೧,೨೦೦ ಕಿಲೋವಾಟಿನ ಉಷ್ಣ. ಅದಕ್ಕಿಂತ ಹೆಚ್ಚು ಯಾರಿಗೂ ಸಿಕ್ಕದು. ಅದರಲ್ಲಿ ಎಷ್ಟು ಪಾಲನ್ನು ಕೆಲಸವಾಗಿ ಪರಿವರ್ತಿಸಬಲ್ಲರೋ ಅಷ್ಟೇ ಅವರ ಶಕ್ತಿ. ಹೀಗೆ ಶಕ್ತಿ ಮತ್ತು ಮಿತವ್ಯಯಗಳ ನಡುವಿನ ಹಳೆಯ ವಿರೋಧ ಅಳಿದು, ಎರಡೂ ಒಂದೇ ಆದವು. ೨೦೧೪ರಿಂದ ೨೦೨೫ರ ವರೆಗಿನ ನಿಯಮಗಳಲ್ಲಿ ಟರ್ಬೋಚಾರ್ಜರಿನ ಅಚ್ಚಿಗೇ ವಿದ್ಯುಜ್ಜನಕವೊಂದನ್ನು ಜೋಡಿಸಲು ಅವಕಾಶವಿದ್ದಿತು. ಹೊಗೆಯ ಶಕ್ತಿಯಲ್ಲಿ ಗಾಳಿಯನ್ನು ಒತ್ತಿ ಉಳಿದುದನ್ನು ಅದು ವಿದ್ಯುತ್ತಾಗಿ ಮಾರ್ಪಡಿಸುತ್ತಿದ್ದಿತು. ೨೦೧೭ರಲ್ಲಿ ಮರ್ಸೀಡಿಸ್ ತಂಡದ ಎಂಜಿನು ಪರೀಕ್ಷಾಲಯದಲ್ಲಿ ಶೇಕಡಾ ೫೦ಕ್ಕೂ ಮೀರಿದ ದಕ್ಷತೆಯನ್ನು ಮುಟ್ಟಿತು. ಬ್ಯೂಖಿಯ ೧೯೦೫ರ ಉದ್ದೇಶ ವೇಗದ ಕಾರಿನಲ್ಲಿ ಪೂರ್ಣವಾಗಿ ಈಡೇರಿದುದು ಆಗಲೇ ಎನ್ನಬಹುದು.

೫

ಪಂದ್ಯದ ಕಣ ಬೇರೆ, ಸಾರ್ವಜನಿಕರ ರಸ್ತೆ ಬೇರೆ ಎಂಬ ಆಕ್ಷೇಪ ಇಲ್ಲಿ ಬರಬಹುದು. ಅದು ಸಕಾರಣವಾದುದು. ಆದರೆ ರಸ್ತೆಯ ಕಾರುಗಳ ಚರಿತ್ರೆಯೂ ಇದೇ ತತ್ತ್ವವನ್ನು ಬೇರೊಂದು ರೀತಿಯಲ್ಲಿ ಸಮರ್ಥಿಸುತ್ತದೆ. ತೈಲದ ಬಿಕ್ಕಟ್ಟಿನ ಫಲವಾಗಿ ಅಮೆರಿಕ ೧೯೭೫ರಲ್ಲಿ ಒಂದು ಶಾಸನವನ್ನು ಮಾಡಿ, ಪ್ರತಿಯೊಬ್ಬ ತಯಾರಕನ ಕಾರುಗಳೂ ಸರಾಸರಿಯಲ್ಲಿ ಗ್ಯಾಲನ್ನಿಗೆ ಇಷ್ಟು ಮೈಲಿ ಓಡಬೇಕೆಂದು ವಿಧಿಸಿತು: ೧೯೭೮ಕ್ಕೆ ೧೮ ಮೈಲಿ, ೧೯೮೫ಕ್ಕೆ ೨೭.೫ ಮೈಲಿ. ೧೯೭೮ರಲ್ಲಿಯೇ ಬ್ಯೂಯಿಕ್ ಸಂಸ್ಥೆ ಎಂಟು ಸಿಲಿಂಡರಿನ ಎಂಜಿನಿಗೆ ಬದಲಾಗಿ ಆರು ಸಿಲಿಂಡರಿನ ಟರ್ಬೋ ಎಂಜಿನನ್ನು ತಂದುದೂ, ಮರ್ಸೀಡಿಸ್ ಸಂಸ್ಥೆ ಅಮೆರಿಕದ ಮಾರುಕಟ್ಟೆಗೆಂದೇ ಟರ್ಬೋ ಡೀಸೆಲ್ ಕಾರನ್ನು ತಂದುದೂ ಆಕಸ್ಮಿಕವಲ್ಲ.

ಅದೇ ಕಾಲದಲ್ಲಿ ಸ್ವೀಡನ್ನಿನ ಸಾಬ್ ಸಂಸ್ಥೆ '೯೯ ಟರ್ಬೋ' ಕಾರನ್ನು ಹೊರತಂದಿತು. ಅದರ ಎಂಜಿನನ್ನು ರೂಪಿಸಿದ ಪೆರ್ ಯಿಲ್‌ಬ್ರಾಂಡ್ ಗರಿಷ್ಠ ವೇಗಕ್ಕಾಗಿ ಅಲ್ಲದೆ ದಿನನಿತ್ಯದ ಸಂಚಾರದ ಮಧ್ಯಮ ವೇಗಗಳಿಗೆ ಒದಗುವಂತೆ ಸಣ್ಣ ಟರ್ಬೋಚಾರ್ಜರನ್ನು ಆಯ್ದನು. ೧೯೮೨ರಲ್ಲಿ ಸಾಬ್ ಒಂದು ಸಂವೇದಕವನ್ನು ಬಳಕೆಗೆ ತಂದಿತು: ಅದು ಬಡಿತದ ಮೊದಲ ಸುಳಿವನ್ನು ಆಲಿಸಿ ಗಾಳಿಯ ಒತ್ತಡವನ್ನು ತಾನಾಗಿ ತಗ್ಗಿಸುತ್ತಿದ್ದಿತು. ಇದರಿಂದ ಸಂಪೀಡನ ಅನುಪಾತವನ್ನು ೭.೨ರಿಂದ ೮.೫ಕ್ಕೆ ಏರಿಸಲು ಸಾಧ್ಯವಾಯಿತು. ಪೆಟ್ರೋಲ್ ಟರ್ಬೋವನ್ನು ಹುಟ್ಟಿನಿಂದ ಕಾಡಿದ ತೊಡಕು ಬಿಡಿಸಲಾರಂಭಿಸಿದುದು ಹೀಗೆ. ಮುಂದೆ ಒತ್ತಿದ ಗಾಳಿಯನ್ನು ತಂಪುಮಾಡುವ ಇಂಟರ್‌ಕೂಲರೂ, ಪೆಟ್ರೋಲನ್ನು ನೇರವಾಗಿ ಸಿಲಿಂಡರಿಗೆ ಚಿಮ್ಮಿಸುವ ಕ್ರಮವೂ ಆ ಕೆಲಸವನ್ನು ಮುಂದುವರಿಸಿದವು. ದೊಡ್ಡ ಎಂಜಿನು ಸಾಧಾರಣ ಸಂಚಾರದಲ್ಲಿ ಅರೆಮುಚ್ಚಿದ ದ್ವಾರದ ಮೂಲಕ ಗಾಳಿಯನ್ನು ಕಷ್ಟಪಟ್ಟು ಎಳೆದುಕೊಳ್ಳುತ್ತ ಶಕ್ತಿಯನ್ನು ಕಳೆದುಕೊಳ್ಳುತ್ತದೆ. ಸಣ್ಣ ಟರ್ಬೋ ಎಂಜಿನಿಗೆ ಈ ನಷ್ಟವೂ ಘರ್ಷಣೆಯ ನಷ್ಟವೂ ಕಡಮೆ. ರಸ್ತೆಯ ಕಾರಿನಲ್ಲಿ ಉಳಿತಾಯ ಬರುವುದು ಮುಖ್ಯವಾಗಿ ಈ ದಾರಿಯಿಂದ.

೨೦೦೯ರಲ್ಲಿ ಯೂರೋಪಿನ ಒಕ್ಕೂಟ ೨೦೧೫ರ ವೇಳೆಗೆ ಹೊಸ ಕಾರುಗಳ ಸರಾಸರಿ ಇಂಗಾಲಾಮ್ಲವನ್ನು ಕಿಲೋಮೀಟರಿಗೆ ೧೩೦ ಗ್ರಾಮಿಗೆ ಇಳಿಸುವ ನಿಯಮವನ್ನು ಮಾಡಿದ ಮೇಲೆ ಅತಿವೇಗದ ಕಾರುಗಳೂ ಇದೇ ದಾರಿಗೆ ಬಂದವು. ಸಣ್ಣ ತಯಾರಕರಿಗೆ ಬೇರೆ ಗುರಿಗಳಿದ್ದರೂ ಗಾಳಿ ಬೀಸಿದ ದಿಕ್ಕು ಒಂದೇ. ಫೆರಾರಿ ಸಂಸ್ಥೆಯ ೪೫೮ ಕಾರಿಗೆ ಟರ್ಬೋ ಇಲ್ಲದ ೪.೫ ಲೀಟರಿನ, ೫೭೦ ಅಶ್ವಶಕ್ತಿಯ ಎಂಜಿನು. ೧೦೦ ಕಿಲೋಮೀಟರಿಗೆ ೧೩.೩ ಲೀಟರಿನ ಖರ್ಚೆಂದು ಸಂಸ್ಥೆ ಪ್ರಕಟಿಸಿದ್ದಿತು. ೨೦೧೫ರಲ್ಲಿ ಅದರ ಸ್ಥಾನಕ್ಕೆ ಬಂದ ೪೮೮ ಕಾರಿಗೆ ೩.೯ ಲೀಟರಿನ ಟರ್ಬೋ ಎಂಜಿನು. ಶಕ್ತಿ ೬೭೦, ಖರ್ಚು ೧೧.೪ ಲೀಟರು. ಶಕ್ತಿ ಶೇಕಡಾ ೧೭ರಷ್ಟು ಹೆಚ್ಚಿ, ಇಂಧನ ಶೇಕಡಾ ೧೪ರಷ್ಟು ತಗ್ಗಿದಂತೆ ಕಾಣುತ್ತದೆ.

'ಕಾಣುತ್ತದೆ' ಎಂದು ಹೇಳಲು ಕಾರಣವುಂಟು. ಈ ಅಂಕಿಗಳನ್ನು ಅಳೆದ ಅಂದಿನ ಯೂರೋಪಿನ ಪರೀಕ್ಷೆ ಸುಮಾರು ಇಪ್ಪತ್ತು ನಿಮಿಷಗಳಲ್ಲಿ ಹನ್ನೊಂದು ಕಿಲೋಮೀಟರು ಓಡಿಸುವ ಪರೀಕ್ಷೆ. ಅದರ ಸರಾಸರಿ ವೇಗ ಗಂಟೆಗೆ ಸುಮಾರು ೩೪ ಕಿಲೋಮೀಟರು. ಇಂಥ ಮಂದಗತಿಯಲ್ಲಿ ಟರ್ಬೋ ಎಂಜಿನು ಸಣ್ಣ ಎಂಜಿನಾಗಿಯೇ ವರ್ತಿಸುತ್ತದೆ. ಒಡೆಯನು ಕಾರನ್ನು ಅದು ಹುಟ್ಟಿದ ವೇಗಕ್ಕೆ ಅಟ್ಟಿದಾಗ ಅದೇ ಎಂಜಿನು ದೊಡ್ಡ ಎಂಜಿನಾಗಿ, ತನ್ನ ಟರ್ಬೈನನ್ನು ಕರಗದಂತೆ ಕಾಪಾಡಲು ಹೆಚ್ಚು ಪೆಟ್ರೋಲನ್ನು ಸುರಿದುಕೊಳ್ಳಲೂ ಬಹುದು. ೨೦೧೭ರಿಂದ ಯೂರೋಪಿನಲ್ಲಿ ಇದಕ್ಕಿಂತ ದೀರ್ಘವೂ ವೇಗವೂ ಆದ ಪರೀಕ್ಷೆ ಆಚರಣೆಗೆ ಬಂದುದು ಈ ಅಂತರವನ್ನು ಕಡಮೆಮಾಡುವುದಕ್ಕಾಗಿಯೇ. ಲೀಟರಿನಿಂದ ಅಳೆದಾಗ ಭಾರವಾದ ಇಂಧನ ಹುಟ್ಟಿದಂತೆ, ಮಂದಗತಿಯಲ್ಲಿ ಅಳೆದಾಗ ಮಂದಗತಿಯಲ್ಲಿ ಮಾತ್ರ ಮಿತವಾದ ಎಂಜಿನು ಹುಟ್ಟಿತು.

೬

ಇಂಗ್ಲೆಂಡಿನ ಅರ್ಥಶಾಸ್ತ್ರಜ್ಞ ವಿಲಿಯಂ ಸ್ಟ್ಯಾನ್ಲಿ ಜೆವನ್ಸ್ ೧೮೬೫ರಲ್ಲಿ ಕಲ್ಲಿದ್ದಲಿನ ಪ್ರಶ್ನೆಯನ್ನು ಕುರಿತು ಬರೆದಾಗ, ಉಗಿಯಂತ್ರ ಹೆಚ್ಚು ದಕ್ಷವಾದಷ್ಟೂ ಕಲ್ಲಿದ್ದಲಿನ ಒಟ್ಟು ಬಳಕೆ ಹೆಚ್ಚುತ್ತದೆಯೇ ಹೊರತು ತಗ್ಗುವುದಿಲ್ಲವೆಂದು ವಾದಿಸಿದನು. ವೇಗದ ಕಾರಿನ ಚರಿತ್ರೆಯನ್ನು ನೋಡಿದವರಿಗೆ ಆತನ ಮಾತಿನಲ್ಲಿ ಸತ್ಯಾಂಶ ತೋರದಿರದು. ಮಿತಿಯಿಲ್ಲದ ಕಡೆ ಟರ್ಬೋಚಾರ್ಜರು ೧,೧೦೦ ಅಶ್ವಶಕ್ತಿಯ ದೈತ್ಯನನ್ನು ಹಡೆಯಿತು. ಮಿತಿಯಿದ್ದ ಕಡೆ ಅದೇ ಉಪಕರಣ ಉಷ್ಣದ ಅರ್ಧಪಾಲನ್ನು ಕೆಲಸಕ್ಕೆ ತೊಡಗಿಸುವ ಎಂಜಿನನ್ನು ಕೊಟ್ಟಿತು. ಆದರೆ ಜೆವನ್ಸನ ಮಾತನ್ನು ವಿಧಿಲಿಖಿತವೆಂದು ತಿಳಿಯಬೇಕಾಗಿಯೂ ಇಲ್ಲ. ಮಿತಿ ಮುಂಚೆಯೇ ಗೊತ್ತಾಗಿದ್ದಾಗ, ಅದನ್ನು ಹಂತಹಂತವಾಗಿ ಬಿಗಿಗೊಳಿಸಿದಾಗ, ಪಾಲಿಸಲು ಬೇಕಾದ ವಿದ್ಯೆ ಕೈಯಲ್ಲಿದ್ದಾಗ, ದೊರೆತ ಶಕ್ತಿ ಉಳಿತಾಯದ ಕಡೆಗೇ ಹರಿಯಿತೆಂಬುದಕ್ಕೆ ಮೇಲಿನ ನಿದರ್ಶನಗಳು ಸಾಕ್ಷಿಯಾಗಿವೆ.

ಈ ಕಾರಣದಿಂದ ಯಂತ್ರವೊಂದನ್ನು ಮಿತವ್ಯಯಿ ಎಂದಾಗಲಿ ದುಂದುಗಾರ ಎಂದಾಗಲಿ ಕರೆಯುವ ಮೊದಲು, ಅದನ್ನು ಯಾವ ಕಟ್ಟುಪಾಡಿನಲ್ಲಿ ದುಡಿಸಲಾಯಿತು, ಯಾವ ಅಳತೆಯಿಂದ ಅಳೆಯಲಾಯಿತು ಎಂಬುದನ್ನು ವಿಚಾರಿಸುವುದು ಚರಿತ್ರಕಾರನ ಕರ್ತವ್ಯ. ಕೋಡೊಲೆಯಿಂದ ಸೌದೆ ಉಳಿಯಿತೇ ಎಂಬ ಪ್ರಶ್ನೆಗೆ ಉತ್ತರ ಒಲೆಯ ರಚನೆಯಲ್ಲಿ ಅರ್ಧ ಮಾತ್ರ ಇದೆ; ಉಳಿದ ಅರ್ಧ ಮನೆಯ ಒಡತಿ ಬೆಳಗ್ಗೆ ಎಷ್ಟು ಸೌದೆಯನ್ನು ಅಳೆದು ಹೊರಗಿಟ್ಟಳು ಎಂಬುದರಲ್ಲಿದೆ.